ಅಪ್ಪ ಅಂಟಿಸಿದ ಮಂಡಳಿಯ ಅಂಚೆಚೀಟಿ

ಅಂಚೆಚೀಟಿ ಕೂಡಿಡುವವರ ಮನೆಯಲ್ಲಿ ಹುಟ್ಟಬಾರದು. ಹುಟ್ಟಿದರೂ ನಿಮ್ಮ ಕಾಗದಪತ್ರಗಳನ್ನು ಅವರ ಕೈಗೆ ಕೊಡಬಾರದು. ಈ ಮಾತನ್ನು ಯಾರಾದರೂ ಸಕಾಲದಲ್ಲಿ ನನಗೆ ಹೇಳಿದ್ದರೆ ನಮ್ಮ ಮನೆಯಲ್ಲಿ ಒಂದಿಷ್ಟು ಕೂಗಾಟ ಕಡಿಮೆಯಾಗುತ್ತಿತ್ತು. ಯಾರೂ ಹೇಳಲಿಲ್ಲ. ಅಪ್ಪನಂಥ ಸಭ್ಯ, ಒಬ್ಬರ ತಂಟೆಗೂ ಹೋಗದ ಮನುಷ್ಯನಿಂದ ಅಂಥ ಎಡವಟ್ಟು ಆಗುತ್ತದೆಂದು ಊಹಿಸುವವರಾದರೂ ಯಾರು?

ನಮ್ಮದು ಹಲಸೂರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆ. ಅಪ್ಪ ಕಲಬುರಗಿ ಕಡೆಯಿಂದ ಬಂದು ಕೆ.ಆರ್. ಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದವನು. ಅವನ ಜೊತೆ ಊರು ಬಿಟ್ಟು ಬಂದವರು ಕುಡಿತ ಕಲಿತರು, ಇಲ್ಲವೇ ರಾಜಕೀಯ ಕಲಿತರು. ಅಪ್ಪ ಅಂಚೆಚೀಟಿ ಹಿಡಿದುಕೊಂಡ. ಕುಡಿದಿದ್ದರೂ ಆಗುತ್ತಿತ್ತು ಎಂದು ಅವ್ವ ಒಮ್ಮೊಮ್ಮೆ ಗೊಣಗುತ್ತಿದ್ದಳು, ಯಾಕೆಂದರೆ ಕುಡುಕರು ಬೇಸಿಗೆಯಲ್ಲಿ ಫ್ಯಾನ್ ಆರಿಸುವುದಿಲ್ಲ. ನಮ್ಮ ಮನೆಯಲ್ಲಿ ಆರಿಸಬೇಕಿತ್ತು. ಲಕೋಟೆಯ ತುಂಡುಗಳನ್ನು ಅಕ್ಕಿ ತೊಳೆಯುವ ಬೋಗುಣಿಯಲ್ಲಿ ನೆನೆಹಾಕಿ, ಅಂಟು ಬಿಟ್ಟ ಚೀಟಿಗಳನ್ನು ಮಂಚದ ಮೇಲೆ ಪೇಪರ್ ಹಾಸಿ ಸಾಲಾಗಿ ಒಣಗಿಸುತ್ತಿದ್ದ. ಫ್ಯಾನ್ ಹಾಕಿದರೆ ಅವು ಮನೆಯೆಲ್ಲ ಹಾರುತ್ತಿದ್ದವು. ಏಪ್ರಿಲ್ ತಿಂಗಳಲ್ಲಿ ನಾವು ಬೆವರು ಒರೆಸಿಕೊಳ್ಳುತ್ತ, ನೆಲದ ಮೇಲೆ ಮಲಗಿ, ಮಂಚದ ಮೇಲೆ ಆರಾಮಾಗಿ ಒಣಗುತ್ತಿದ್ದ ದೇಶವಿದೇಶದ ರಾಜರಾಣಿಯರನ್ನು ನೋಡುತ್ತಿದ್ದೆವು.

ಬಿಡುವಿನ ದಿನಗಳಲ್ಲಿ ಅಪ್ಪ ಕಂಟೋನ್ಮೆಂಟಿನ ಕಚೇರಿಗಳನ್ನು ಸುತ್ತುತ್ತಿದ್ದ. ಅಲ್ಲಿನ ಅಟೆಂಡರುಗಳು ಇವನಿಗಾಗಿ ಖಾಲಿ ಲಕೋಟೆ ಎತ್ತಿಡುತ್ತಿದ್ದರು. ಇವನು ಅವರಿಗೆ ಚಹಾ ಕುಡಿಸುತ್ತಿದ್ದ. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಈ ಹುಚ್ಚಿನಲ್ಲಿ ಅವನ ಗುರು. ಅಂಚೆಚೀಟಿಯನ್ನು ಬರೀ ಚೀಟಿಯಾಗಿ ಕೀಳುವುದು ಮಕ್ಕಳ ಆಟ, ಮುದ್ರೆ ಸಮೇತ ಕತ್ತರಿಸಿ ಇಡುವುದೇ ಮರ್ಯಾದಸ್ಥರ ರೀತಿ ಎಂದು ಆಮೇಲೆ ಕಲಿಸಿದವರು ಅವರೇ. ದುಂಡನೆಯ ಮುದ್ರೆ ಪೂರ್ತಿ ಬಿದ್ದಿರಬೇಕು, ಊರು ಮತ್ತು ತಾರೀಖು ಎರಡೂ ಓದಲು ಬರಬೇಕು, ಸುತ್ತ ಒಂದಿಷ್ಟು ಲಕೋಟೆಯ ಅಂಚು ಉಳಿದಿರಬೇಕು. "ಅರ್ಧ ಮುದ್ರಿ ಅಂದ್ರ ಅರ್ಧ ಮೀಸಿ ಬೋಳಿಸಿದಂಗವ್ವಾ" ಎಂದು ಅಪ್ಪ ನನಗೆ ಪಾಠ ಹೇಳುತ್ತಿದ್ದ. ಮನೆಗೆ ಬಂದ ಯಾವ ಲಕೋಟೆಯನ್ನೂ ನಾವು ಕೈಯಿಂದ ಹರಿಯುವಂತಿರಲಿಲ್ಲ. ಎಡ ಅಂಚನ್ನು ಬ್ಲೇಡಿನಿಂದ ಸೀಳಿ, ಪತ್ರ ತೆಗೆದುಕೊಂಡು, ಲಕೋಟೆಯನ್ನು ಅಪ್ಪನ ಕಪಾಟಿನ ಮೇಲಿಡಬೇಕು.

ತೊಂಬತ್ತರ ದಶಕದ ಕೊನೆಗೆ ನಾನು ಡಾಕ್ಟರ್ ಓದಲು ರಷ್ಯಾಕ್ಕೆ ಹೋದೆ. ಇಲ್ಲಿ ಸೀಟು ಸಿಗಲಿಲ್ಲ. ಕಂಟೋನ್ಮೆಂಟಿನ ಒಬ್ಬ ಏಜೆಂಟ್ ಅಲ್ಲಿ ಸುಲಭ ಎಂದ. ಅಪ್ಪ ಊರಿನ ಹೊಲದ ತನ್ನ ಪಾಲು ಮಾರಿದ. ನಾನು ಅಲ್ಲಿಂದ ಚಳಿ, ಊಟ, ಭಾಷೆ ಎಲ್ಲದರ ಮೇಲೂ ದೂರು ತುಂಬಿ ಪತ್ರ ಬರೆದರೆ, ಅಪ್ಪನ ಉತ್ತರ ಹೀಗೆ ಶುರುವಾಗುತ್ತಿತ್ತು: "ನಿನ್ನ ಪತ್ರ ಮುಟ್ಟಿತು. ಸ್ಟಾಂಪು ಭಾಳ ಚಂದ ಅದ." ಅದನ್ನು ಓದಿ ಹಾಸ್ಟೆಲಿನಲ್ಲಿ ಒಬ್ಬಳೇ ಹಲ್ಲು ಕಡಿಯುತ್ತಿದ್ದೆ.

ನಾನು ಅಲ್ಲಿದ್ದಾಗಲೇ ಇಲ್ಲಿ ನಿಯಮ ಬದಲಾಯಿತು. ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಮತ್ತೊಂದು ಪರೀಕ್ಷೆ ಪಾಸು ಮಾಡಬೇಕು, ಆಮೇಲಷ್ಟೇ ಡಾಕ್ಟರೆಂದು ನೋಂದಣಿ. ಪರೀಕ್ಷೆಗೆ ಕೂರಲು ಅರ್ಹಳು ಎಂಬ ಪತ್ರ ಮೊದಲು ಬೇಕು. ಅದನ್ನು ಕೊಡುವುದು ದೆಹಲಿಯಲ್ಲಿರುವ ಮಂಡಳಿ, ದೇಶದ ವೈದ್ಯಕೀಯ ಓದಿನ ಮೇಲೆಲ್ಲ ಕಣ್ಣಿಟ್ಟಿರುವ ಸಂಸ್ಥೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಜೊತೆ ಓದಿದವರಲ್ಲಿ ಕೆಲವರ ಕೈಗೆ ನಮ್ಮ ಬೆಕ್ಕನ್ನೂ ಕೊಡಲಾರೆ. ಆದರೆ ಓದು ಮುಗಿಸಿ ಬಂದ ನನ್ನ ಅರ್ಜಿ ಒಂದಾದ ಮೇಲೊಂದು ತಕರಾರಿನೊಂದಿಗೆ ಹಿಂದಕ್ಕೆ ಬರುತ್ತಿತ್ತು. ಮೊದಲ ಸಲ ಅಂಕಪಟ್ಟಿಯ ಇಂಗ್ಲಿಷ್ ಅನುವಾದಕ್ಕೆ ಸರಿಯಾದ ಮೊಹರಿಲ್ಲ ಎಂದು. ಮೊಹರು ಹಾಕಿಸಿ ಕಳಿಸಿದರೆ, ಅನುವಾದವಾಯಿತು, ಮೂಲದ ದೃಢೀಕೃತ ಪ್ರತಿ ಎಲ್ಲಿ ಎಂದು. ಫೋನ್ ಮಾಡಿದರೆ ಯಾರೋ ಎತ್ತಿ "ಹೋಲ್ಡ್ ಕೀಜಿಯೇ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಎಸ್‌ಟಿಡಿ ಬೂತಿನಲ್ಲಿ ನಿಂತು ನಾನು ದೆಹಲಿಯ ಯಾವುದೋ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿಸಿಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಮರ್ಫಿ ಟೌನಿನ ಒಬ್ಬ ಹಳೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ಸಹಾಯಕಿಯಾಗಿದ್ದೆ. ತಮಿಳು ಮನೆಮಾತಿನವರು, ಬಿಳಿ ಅಂಗಿ, ಬಾಯಲ್ಲಿ ಸದಾ ಲವಂಗ. ಬಿಪಿ ನೋಡುವುದು, ಗಾಯ ತೊಳೆದು ಕಟ್ಟುವುದು, ಜ್ವರ ಬರೆದುಕೊಳ್ಳುವುದು ನನ್ನ ಕೆಲಸ. ಔಷಧಿ ಚೀಟಿ ಅವರೇ ಬರೆಯಬೇಕು. ಜನ ನನ್ನನ್ನು "ಡಾಕ್ಟರಮ್ಮಾ" ಎನ್ನುತ್ತಿದ್ದರು, ನಾನು ಏನು ಕೊಡಬೇಕೆಂದು ಗೊತ್ತಿದ್ದೂ ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಅವರನ್ನು ಕೇಳಿ ಬರುತ್ತಿದ್ದೆ. ಈ ಓಡಾಟದ ಅವಮಾನ ಅನುಭವಿಸಿದವರಿಗೇ ಗೊತ್ತು.

ಡಾಕ್ಟರಿಗೆ ಕಣ್ಣು ಮಂಜಾಗುತ್ತಿತ್ತು. ಒಂದು ಸಂಜೆ ಕೊನೆಯ ರೋಗಿ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. "ನೋಡಮ್ಮಾ, ನನ್ ಕೈಲಿ ಇನ್ ಆಗಲ್ಲ. ಈ ಸಲ ಪರೀಕ್ಷೆ ಪಾಸ್ ಮಾಡ್ಬಿಡು. ಬೋರ್ಡಲ್ಲಿ ನನ್ ಹೆಸ್ರು ತೆಗ್ದು ನಿನ್ ಹೆಸ್ರು ಬರ್ಸೋಣ. ಈ ಜನಕ್ಕೆ ಇಲ್ಲೇ ಹತ್ರ ಒಬ್ರು ಬೇಕು."

"ಈ ಸಲ ಆಗ್ಲಿಲ್ಲ ಅಂದ್ರೆ ಸರ್?"

"ನಾನ್ ಕಾಯ್ತೀನಮ್ಮಾ. ಬಿಲ್ಡಿಂಗ್ ಓನರ್ ಕಾಯಲ್ಲ. ಆಗ್ಲೇ ಯಾರನ್ನೋ ಕರ್ಕೊಂಬಂದು ಅಳತೆ ತೊಗೊಂಡು ಹೋದ."

ಮನೆಗೆ ಬಂದು ಇದನ್ನು ಅಪ್ಪ ಅವ್ವ ಇಬ್ಬರಿಗೂ ಹೇಳಿದೆ. ಒಂದು ಕ್ಲಿನಿಕ್, ಅದೂ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮುಖ ಗೊತ್ತಿರುವ ರೋಗಿಗಳ ಸಮೇತ! ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ತುಂಬ ಹೊತ್ತು ಯೋಚಿಸಿ, "ಬೋರ್ಡು ನೀಲಿ ಬಣ್ಣದಾಗ ಬರಸೂಣು" ಎಂದ. ನಾನು ಮೂರನೇ ಸಲದ ಅರ್ಜಿಗೆ ಕಾಗದ ಜೋಡಿಸತೊಡಗಿದೆ.

ಸರಿಯಾಗಿ ಆಗಲೇ ಆ ಅಂಚೆಚೀಟಿ ಹೊರಬಂತು.

ಅಪ್ಪ ಮೆಟ್ಟಿಲು ಹತ್ತುವಾಗಲೇ ಕೂಗಿಕೊಂಡು ಬಂದ. "ನಿನ್ನ ಮಂಡಳಿಗೆ ಸ್ಟಾಂಪ್ ಬಂದದವ್ವಾ! ಸರ್ಕಾರ ಸ್ಟಾಂಪ್ ತಂದದ!" ದೊಡ್ಡ ಅಂಚೆ ಕಚೇರಿಯ ಸಂಗ್ರಾಹಕರ ಕೌಂಟರಿನಲ್ಲಿ ಸರದಿ ನಿಂತು ಒಂದು ಇಡೀ ಹಾಳೆ ತಂದಿದ್ದ. ಜೊತೆಗೆ ಮೊದಲ ದಿನದ ಮುದ್ರೆ ಬಿದ್ದ ಲಕೋಟೆ. ಪಾರದರ್ಶಕ ಹೊದಿಕೆಯೊಳಗಿಂದ ಒಂದು ಚೀಟಿಯನ್ನು ಚಿಮಟದಲ್ಲಿ ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅದೇ ಹೆಸರು. ನನ್ನ ಅರ್ಜಿಗಳನ್ನು ವಾಪಸು ಕಳಿಸಿದ ಪತ್ರಗಳ ತಲೆಯ ಮೇಲೆ ಅಚ್ಚಾಗಿದ್ದ ಹೆಸರು ಈಗ ಗೌರವಕ್ಕೆ ಪಾತ್ರವಾಗಿ, ಸುತ್ತ ಸಣ್ಣ ಸಣ್ಣ ತೂತುಗಳ ಅಂಚಿನೊಂದಿಗೆ ನನ್ನನ್ನು ನೋಡುತ್ತಿತ್ತು.

"ಯಾಕಪ್ಪಾ ಇವ್ರಿಗೆ ಸ್ಟಾಂಪು? ಏನ್ ಮಾಡಿದಾರೆ ಅಂತ?" ನಾನು ರೇಗಿದೆ. "ಎಷ್ಟ್ ಜನರ ಅರ್ಜಿ ವಾಪಸ್ ಕಳ್ಸಿದಾರೆ ಅಂತ ಲೆಕ್ಕ ಹಾಕಿ ಕೊಟ್ರಾ?"

"ಹಂಗನಬ್ಯಾಡ. ಸುಮ್ ಸುಮ್ನ ಯಾರಿಗೂ ಸ್ಟಾಂಪ್ ಬರಂಗಿಲ್ಲ. ಗಾಂಧೀಜಿಗಿ ಬಂದದ, ರೈಲಿಗಿ ಬಂದದ, ಹುಲಿಗಿ ಬಂದದ. ಈಗ ಇವ್ರಿಗಿ ಬಂತು."

"ಹುಲಿ ನಂಗೆ ಕಾಗದ ಕೇಳ್ಲಿಲ್ಲ" ಎಂದೆ. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅವನಿಗೆ ಅಂಚೆಚೀಟಿಯ ಮೇಲೆ ಬಂದದ್ದೆಲ್ಲ ಒಳ್ಳೆಯದು. ಆ ನಂಬಿಕೆಯ ಜೊತೆ ಜಗಳವಾಡುವುದು ಗೋಡೆಗೆ ತಲೆ ಚಚ್ಚಿಕೊಂಡಂತೆ.

ಕಾಗದಗಳೆಲ್ಲ ಸಿದ್ಧವಾದ ದಿನ ಕೊನೆಯ ದಿನಾಂಕಕ್ಕೆ ಇನ್ನೂ ನಾಲ್ಕಾರು ದಿನವಿತ್ತು. ಈ ಸಲ ಏನೂ ಬಿಟ್ಟಿರಲಿಲ್ಲ. ಮೊಹರಿನ ಮೇಲೆ ಮೊಹರು, ಸಹಿಯ ಪಕ್ಕ ಸಹಿ. ಅವರ ಸೂಚನೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಅರ್ಜಿ ತಲುಪುವುದು ತಡವಾದರೂ ಅಂಚೆಗೆ ಹಾಕಿದ್ದು ಕೊನೆಯ ದಿನದೊಳಗಾದರೆ ಸಾಕು, ಅಂಚೆಯ ದಿನಾಂಕವೇ ಸಾಕ್ಷಿ. ಅಂದು ಕ್ಲಿನಿಕ್ಕಿನಲ್ಲಿ ಜ್ವರದವರ ಸಾಲು ಬೀದಿಗೆ ಬಂದಿತ್ತು. ಅಪ್ಪನಿಗೆ ಕಾರ್ಖಾನೆ ರಜೆ. "ಅಪ್ಪಾ, ಇದನ್ನ ಸ್ಪೀಡ್ ಪೋಸ್ಟ್ ಮಾಡ್ಬಿಡು, ಮರೀಬೇಡ" ಎಂದು ಹೇಳಿ ಕಂದು ಲಕೋಟೆಯನ್ನು ಅವನ ಕೈಗಿಟ್ಟು ಹೋದೆ.

ಸಂಜೆ ಬಂದಾಗ ಅಪ್ಪ ಹೊಸ ಅಂಗಿ ತೊಟ್ಟು ಹಬ್ಬದ ಕಳೆಯಲ್ಲಿ ಕೂತಿದ್ದ.

"ರಸೀದಿ ಕೊಡಪ್ಪಾ."

"ರಸೀದಿ ಇಲ್ಲವ್ವಾ."

"ಯಾಕಿಲ್ಲ? ಸ್ಪೀಡ್ ಪೋಸ್ಟ್ ಮಾಡ್ಲಿಲ್ವಾ?"

"ಸ್ಪೀಡ್ ಪೋಸ್ಟ್ ಮಾಡಿದ್ರ ಅವ್ರು ಕಂಪ್ಯೂಟರ್ ಚೀಟಿ ಹಚ್ತಾರ. ಬಿಳಿ ಚೀಟಿ, ಮ್ಯಾಲ ಬರೇ ಗೆರಿ ಗೆರಿ. ಸ್ಟಾಂಪಿಗಿ ಕೆಲಸನ ಇಲ್ಲ. ಅದಕ್ಕ ಸಾದಾ ಟಪಾಲಿಗಿ ಹಾಕೀನಿ." ನನ್ನ ಮುಖ ನೋಡಿ ಅವನು ಅವಸರದಲ್ಲಿ ಮುಂದುವರಿಸಿದ. "ಕೇಳಿಲ್ಲೆ. ಅವ್ರ ಮ್ಯಾಲ ಬಂದಿದ್ದ ಸ್ಟಾಂಪೇ ಹಚ್ಚೀನಿ, ನಾಕು ಕೂಡಿದ್ದು, ಹರೀದೇ ಇದ್ದದ್ದು. ಅಷ್ಟು ಲಕೋಟಿ ನಡುವ ನಿಂದೊಂದ ಎದ್ದು ಕಾಣ್ತದ. ತಮ್ಮ ಸ್ಟಾಂಪ್ ನೋಡಿದ್ರ ಅವರಿಗಿ ಎಷ್ಟು ಖುಷಿ ಆಗ್ತದ ಹೇಳು. ಮೊದಲ ಅದನ್ನೇ ತೆಗೀತಾರ."

ನಾನು ಚಪ್ಪಲಿ ಬಿಡುವುದನ್ನೂ ಮರೆತು ಕಿರುಚಿದೆ. ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಬಂದಳು. ಸಾದಾ ಟಪಾಲು! ದಾರಿಯಲ್ಲಿ ಎಲ್ಲಿ ಮಲಗಿದರೂ ಕೇಳುವವರಿಲ್ಲ, ತಲುಪಿತೋ ಇಲ್ಲವೋ ಹೇಳುವವರಿಲ್ಲ. ಅಪ್ಪ ಒಂದಕ್ಕೂ ಜಗ್ಗಲಿಲ್ಲ. ಹಲಸೂರಿನ ಪೋಸ್ಟಾಫೀಸಿನ ಗುಮಾಸ್ತನಿಗೆ ಹೇಳಿ, ಮಸಿ ಹೊಸದಾಗಿ ಹಾಕಿಸಿ, ತಾನೇ ನಿಂತು ಮುದ್ರೆ ಒತ್ತಿಸಿದ್ದನಂತೆ. "ತಾರೀಖು ಕನ್ನಡೀವಳಗ ಕಂಡಂಗ ಕಾಣ್ತದ. ತಾರೀಖೇ ಸಾಕ್ಷಿ ಅಂತ ನೀನೇ ಅಂದಿ. ಕಂಪ್ಯೂಟರ್ ಚೀಟಿ ಮ್ಯಾಲಿಂದು ಅಳಿಸಿ ಹೋಗ್ತದ. ಮುದ್ರಿ ನೂರ್ ವರ್ಷ ಇರ್ತದ." ಆ ಮಾತಿನಲ್ಲಿ ಒಂದು ತರ್ಕವಿತ್ತು. ತಡವಾದರೂ ಮುದ್ರೆ ನನ್ನ ಪರವಾಗಿದೆ ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಕೂತೆ.

ಆಮೇಲೆ ಕಾಯುವುದು. ಕ್ಲಿನಿಕ್ಕಿಗೆ ತಪ್ಪದೆ ಬರುವವರಲ್ಲಿ ಹೂ ಕಟ್ಟಿ ಮಾರುವ ಒಬ್ಬ ಅಮ್ಮ ಇದ್ದರು. ಮರ್ಫಿ ಟೌನಿನ ಮಾರಿಗುಡಿಯ ಪಕ್ಕ ಬುಟ್ಟಿ ಇಟ್ಟು ಕೂರುವವರು. ಸಕ್ಕರೆ ಕಾಯಿಲೆ, ಎಡಗಾಲಿನ ಬೆರಳಿನ ಸಂದಿಯಲ್ಲಿ ಮಾಯದ ಗಾಯ. ನಾನು ದಿನ ಬಿಟ್ಟು ದಿನ ಅದನ್ನು ತೊಳೆದು ಕಟ್ಟುತ್ತಿದ್ದೆ. ಸಕ್ಕರೆಯ ರೋಗಿಗಳ ಕಾಲು ಅವರಿಗೇ ಏನೂ ಹೇಳುವುದಿಲ್ಲ; ಮುಳ್ಳು ಹೊಕ್ಕರೂ ನೋವಿಲ್ಲ, ಕೀವಾದರೂ ನೋವಿಲ್ಲ. ಬೇರೊಬ್ಬರ ಕಣ್ಣು ನೋಡುತ್ತಿರಬೇಕು. "ಅಮ್ಮಾ, ಚಪ್ಪಲಿ ಹಾಕ್ಕೊಳಿ" ಎಂದರೆ, "ಗುಡಿ ಮುಂದೆ ಹೆಂಗ್ ಹಾಕ್ಕೊಳ್ಳಲಿ ಡಾಕ್ಟರಮ್ಮಾ?" ಎನ್ನುವರು. ಬೈದರೆ ನಗುವರು, ಹೋಗುವಾಗ ಒಂದು ತುಂಡು ಕನಕಾಂಬರ ಮೇಜಿನ ಮೇಲಿಡುವರು. ಬೈಗುಳ ಕೇಳಿ ಕೇಳಿ ಗಾಯ ಹೊಸ ಕೆಂಪು ಮಾಂಸ ತುಂಬಿಕೊಂಡು, ಮಾಯುವ ಲಕ್ಷಣ ತೋರಿಸಿತ್ತು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, "ಇದು ನಿಂದೇ ಕೇಸಮ್ಮಾ, ನಾನ್ ಮುಟ್ಟಿಲ್ಲ" ಎಂದರು. ಆ ದಿನ ನಾನು ನಿಜಕ್ಕೂ ಸಂತೋಷಪಟ್ಟೆ.

ಒಂದು ಮಧ್ಯಾಹ್ನ ಪೋಸ್ಟ್‌ಮನ್ ದಪ್ಪನೆಯ ಪೊಟ್ಟಣ ತಂದ. ದಪ್ಪ ಎಂದರೆ ಕೆಟ್ಟ ಸುದ್ದಿ. ಒಪ್ಪಿಗೆಯಾದರೆ ಒಂದೇ ಹಾಳೆ ಬರಬೇಕಿತ್ತು. ಒಳಗೆ ನನ್ನ ಕಾಗದಗಳೆಲ್ಲ ಮುಟ್ಟದ ಹಾಗೆ ಇದ್ದವು. ಮೇಲೊಂದು ಅಚ್ಚಾದ ಸಣ್ಣ ಚೀಟಿ, ಎರಡು ಸಾಲುಗಳ ಪಕ್ಕ ಟಿಕ್ ಗುರುತು. ಅರ್ಜಿ ಕೊನೆಯ ದಿನಾಂಕದ ನಂತರ ತಲುಪಿದೆ. ಅಂಚೆಗೆ ಹಾಕಿದ ದಿನಾಂಕಕ್ಕೆ ಆಧಾರವಿಲ್ಲ. ಆಧಾರವಿಲ್ಲ ಎಂಬುದಕ್ಕೆ ಆಧಾರವಾಗಿ ನನ್ನ ಕಂದು ಲಕೋಟೆಯನ್ನೇ ಹಿಂದೆ ಪಿನ್ನು ಮಾಡಿದ್ದರು. ಅದರ ಬಲಮೂಲೆಯಲ್ಲಿ ಚೌಕನೆಯ ಕಿಟಕಿ. ನಾಲ್ಕು ಅಂಚೆಚೀಟಿ, ಕನ್ನಡಿಯೊಳಗೆ ಕಂಡಂಥ ಆ ಮುದ್ರೆ, ತಾರೀಖು, ಹಲಸೂರು ಎಲ್ಲ ಹೋಗಿ ಆ ಕಿಟಕಿಯಿಂದ ನಮ್ಮ ಮನೆಯ ಗೋಡೆ ಕಾಣುತ್ತಿತ್ತು.

ಯಾರು ಕತ್ತರಿಸಿದರು? ಇಲ್ಲಿಯೋ, ರೈಲಿನಲ್ಲೋ, ಅಲ್ಲಿಯೋ, ಯಾವ ಮೇಜಿನ ಮೇಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಕೈ ದಾಟಿ ಹೋದ ಲಕೋಟೆ. ಎದ್ದು ಕಾಣುತ್ತದೆ ಎಂದಿದ್ದನಲ್ಲ ಅಪ್ಪ, ಯಾರಿಗೋ ಎದ್ದು ಕಂಡಿತ್ತು.

ಅಪ್ಪ ಕಾರ್ಖಾನೆಯಿಂದ ಬಂದ. ನಾನು ಲಕೋಟೆಯನ್ನು ಅವನ ಮುಂದೆ ಹಿಡಿದೆ. ಅವನು ಕೂತ. ಕನ್ನಡಕ ತೆಗೆದು, ಕಪಾಟಿನಿಂದ ಮಸೂರ ತಂದು, ಆ ಕಿಟಕಿಯ ಅಂಚನ್ನು ಬೆಳಕಿಗೆ ಹಿಡಿದು ನಾಲ್ಕೂ ಕಡೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ಕತ್ರಿ ಅಲ್ಲ, ಬ್ಲೇಡಿಲೆ ತೆಗದಾನ. ಮುದ್ರಿ ಪೂರ್ತಿ ಬರೂಹಂಗ ಸುತ್ತ ಜಾಗ ಬಿಟ್ಟಾನ. ಒಳಗಿನ ಕಾಗದಕ್ಕ ಒಂದ್ ಗೀರು ಸೈತ ಬಿದ್ದಿಲ್ಲ. ತಿಳದಾಂವ ಅದಾನ."

ನನಗೆ ಏನಾಯಿತೋ ಗೊತ್ತಿಲ್ಲ. ಮೇಜಿನ ಮೇಲಿದ್ದ ಆಲ್ಬಮ್ ಎತ್ತಿ ನೆಲಕ್ಕೆ ಕುಕ್ಕಿದೆ. "ನನ್ ಕ್ಲಿನಿಕ್ ಹೋಯ್ತು, ನೀನು ಕದ್ದವನ ಕೈಚಳಕ ಹೊಗಳ್ತಿದೀಯಾ?" ಎಂದು ಕೂಗಿದ್ದು ಕೆಳಗಿನ ಮನೆಯವರಿಗೂ ಕೇಳಿಸಿ ಅವರು ಟಿವಿ ಸದ್ದು ತಗ್ಗಿಸಿದರು. ಅಪ್ಪ ಮಸೂರವನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನ ಬಾಯಿಂದ ತಪ್ಪಾಯಿತು ಎಂಬ ಒಂದು ಮಾತು ಬರಲೆಂದು ನಾನು ಕಾದೆ. ಬರಲಿಲ್ಲ. ಅವ್ವ ನೆಲದ ಮೇಲೆ ಚೆಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ಆರಿಸಿದಳು, ಬೈಯುತ್ತಲೇ. ಯಾರಿಗೆ ಬೈದಳೋ ತಿಳಿಯದು.

ಮರುದಿನ ಅಪ್ಪನನ್ನು ಕರೆದುಕೊಂಡು ಪೋಸ್ಟಾಫೀಸಿಗೆ ಹೋದೆ. ಗುಮಾಸ್ತನಿಗೆ ಎಲ್ಲ ನೆನಪಿತ್ತು.

"ಗೊತ್ತು ಮೇಡಂ, ನಾನೇ ಸೀಲ್ ಹಾಕಿದ್ದು. ಸಖತ್ತಾಗಿ ಬಿದ್ದಿತ್ತು. ನಿಮ್ ತಂದೆ ಎರಡ್ ಸಲ ಥ್ಯಾಂಕ್ಸ್ ಹೇಳಿದ್ರು."

"ಅಷ್ಟನ್ನ ಬರ್ದುಕೊಡಿ ಸಾಕು. ಇಂಥ ದಿನ ಪೋಸ್ಟಾಯ್ತು ಅಂತ."

"ಬಾಯಲ್ಲಿ ಎಷ್ಟ್ ಸಲ ಬೇಕಾದ್ರೂ ಹೇಳ್ತೀನಿ ಮೇಡಂ. ಬರವಣಿಗೇಲಿ ಆಗಲ್ಲ. ಆರ್ಡಿನರಿ ಟಪಾಲಿಗೆ ರೆಕಾರ್ಡೇ ಇರಲ್ವಲ್ಲಾ."

ಅವನು ಒಳ್ಳೆಯವನು, ಅಪ್ಪನೂ ಒಳ್ಳೆಯವನು, ಕತ್ತರಿಸಿದವನೂ ಮನೆಯಲ್ಲಿ ಒಳ್ಳೆಯವನೇ ಇದ್ದಾನು. ಇಷ್ಟೊಂದು ಒಳ್ಳೆಯವರು ಸೇರಿ ಒಬ್ಬಳ ಕೆಲಸ ಕೆಡಿಸಿದರೆ ಯಾರ ಕೊರಳಪಟ್ಟಿ ಹಿಡಿಯಬೇಕು? ನಾನು ಮತ್ತೆ ದೆಹಲಿಗೆ ಫೋನ್ ಮಾಡಿದೆ. ಹೋಲ್ಡ್ ಕೀಜಿಯೇ. ಈ ಸಲ ಯಾರೋ ಮರಳಿ ಬಂದು, ಮುಂದಿನ ಪರೀಕ್ಷೆಗೆ ಹೊಸ ಅರ್ಜಿ ಹಾಕಿ, ಲಕೋಟೆಯ ಮೇಲೆ ದಿನಾಂಕ ಸ್ಪಷ್ಟವಾಗಿರಲಿ ಎಂದು ಉಪದೇಶ ಮಾಡಿ ಇಟ್ಟರು. ನಾನು ಬೂತಿನವನಿಗೆ ದುಡ್ಡು ಕೊಟ್ಟು ಹೊರಗೆ ಬಂದೆ.

ಡಾಕ್ಟರು ತಿಂಗಳು ಕಳೆಯುವವರೆಗೆ ಕಾದರು. ಕಟ್ಟಡದ ಮಾಲೀಕ ಕಾಯಲಿಲ್ಲ. ಒಂದು ಶನಿವಾರ ಔಷಧಿ ಕಪಾಟು, ತೂಕದ ಯಂತ್ರ, ಮಂಚ ಎಲ್ಲ ಗೂಡ್ಸ್ ಆಟೋ ಹತ್ತಿದವು. ರೋಗಿಗಳು ಬಂದು ಬಾಗಿಲಲ್ಲಿ ನಿಂತು, "ಎಲ್ಲಿಗೆ ಶಿಫ್ಟಾಗ್ತಿದೆ?" ಎಂದು ಕೇಳಿದರು. ಡಾಕ್ಟರು ಲವಂಗ ಅಗಿಯುತ್ತ ಆಚೆ ನೋಡಿದರು. ಹೂವಿನ ಅಮ್ಮ ಅಂದು ಬಂದಿರಲಿಲ್ಲ. ಅವರ ಮನೆ ಎಲ್ಲಿಯೆಂದು ವಿಚಾರಿಸಿದೆ, ಯಾವುದೋ ಮದುವೆಗೆ ಕೃಷ್ಣಗಿರಿಗೆ ಹೋಗಿದ್ದಾರೆ ಎಂದರು. ಮುಂದಿನ ವಾರದ ಹೊತ್ತಿಗೆ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂತು. ನನಗೆ ಬೈಯಪ್ಪನಹಳ್ಳಿ ಕಡೆಯ ಒಂದು ಲ್ಯಾಬಿನಲ್ಲಿ ರಕ್ತದ ಮಾದರಿ ತೆಗೆಯುವ ಕೆಲಸ ಸಿಕ್ಕಿತು. ಆರು ವರ್ಷ ಹಿಮದಲ್ಲಿ ಓದಿದ್ದು ಜನರ ಮುಂಗೈ ತಟ್ಟಿ ನರ ಹುಡುಕುವುದಕ್ಕೆ.

ಅಪ್ಪನ ಜೊತೆ ನಾನು ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಒಂದೆರಡು ಸಲ ಬೆಳಗಿನ ಚಹಾ ತಾನೇ ಮಾಡಿ ತಂದಿಟ್ಟ. ನಾನು ಕುಡಿದೆ, ಲೋಟ ತೊಳೆದಿಟ್ಟೆ, ಅಷ್ಟೇ.

ಮುಂದಿನ ಅರ್ಜಿಗೆ ಹೊಸದಾಗಿ ನೋಟರಿ ಮಾಡಿಸಬೇಕಿತ್ತು. ನಾನು ಬೇಡವೆಂದರೂ ಅಪ್ಪ ಜೊತೆಗೆ ಹೊರಟ. ಮೆಟ್ರೊಗೆಂದು ರಸ್ತೆ ಅಗೆದು ಹಲಸೂರಿನ ಬಸ್ ಸ್ಟಾಪನ್ನು ಅಲ್ಲಿಂದಿಲ್ಲಿಗೆ ತಳ್ಳಿದ್ದರು. ತಗಡಿನ ಬೇಲಿಯ ಪಕ್ಕ, ಧೂಳಿನಲ್ಲಿ ಶಿವಾಜಿನಗರದ ಬಸ್ಸಿಗೆ ನಿಂತಿದ್ದೆವು. "ಡಾಕ್ಟರಮ್ಮಾ!" ಎಂದು ಯಾರೋ ಕೂಗಿದರು. ತಿರುಗಿದರೆ ಹೂವಿನ ಅಮ್ಮ. ಬೇಲಿ ಹಿಡಿದುಕೊಂಡು, ಒಂದು ಪಕ್ಕಕ್ಕೆ ವಾಲಿಕೊಂಡು ಬರುತ್ತಿದ್ದರು.

ಹತ್ತಿರ ಬಂದವರೇ ನನ್ನ ಕೆನ್ನೆ ಸವರಿದರು. "ಬೇಜಾರ್ ಮಾಡ್ಕೋಬೇಡಿ ಕಣಮ್ಮಾ. ನೀವು ಪರೀಕ್ಷೇಲಿ ಫೇಲಾಗ್ಬಿಟ್ರಂತೆ, ಅದಕ್ಕೇ ಕ್ಲಿನಿಕ್ ಮುಚ್ಚಿದ್ರಂತೆ. ಏರಿಯಾದವ್ರೆಲ್ಲ ಹೇಳಿದ್ರು. ಏನಾಯ್ತೀಗ? ನಮ್ ಮನೆ ಹುಡ್ಗೀನೂ ಎಸ್ಸೆಸ್ಸೆಲ್ಸಿ ಎರಡ್ ಸಲ ಕಟ್ಟಿದ್ಲು."

ಮರ್ಫಿ ಟೌನಿನಲ್ಲಿ ನಾನು ಫೇಲಾಗಿದ್ದೆ! ಪರೀಕ್ಷೆಯ ಬಾಗಿಲನ್ನೂ ನೋಡದೆ, ಒಂದು ಪ್ರಶ್ನೆಯನ್ನೂ ಓದದೆ ಫೇಲಾಗಿದ್ದೆ. ಏನು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದೆ ಬಂದ.

"ಇಲ್ಲರೀ ಅವ್ವಾರ, ಅಕಿ ಫೇಲಾಗಿಲ್ಲ. ತಪ್ಪು ನಂದದ. ಅಕಿ ಸ್ಪೀಡ್ ಪೋಸ್ಟ್ ಮಾಡು ಅಂದಿದ್ಳು, ನಾ ಸ್ಟಾಂಪ್ ಹಚ್ಚಿ ಸಾದಾ ಟಪಾಲಿಗಿ ಹಾಕಿದೆ. ಯಾರೋ ಸ್ಟಾಂಪ್ ಕತ್ತರಿಸಿಕೊಂಡ್ರು. ಅದಕ್ಕ ಅಕಿಗಿ ಪರೀಕ್ಷಾಕ್ಕ ಕೂಡಿಸಲಿಲ್ಲ."

ಮನೆಯಲ್ಲಿ ನಾನು ತಿಂಗಳುಗಟ್ಟಲೆ ಕಾದಿದ್ದ ಮಾತು ಅದು. ಹೂವಿನ ಅಮ್ಮ ಅದನ್ನು ಪೂರ್ತಿ ಕೇಳಿ ಹುಬ್ಬು ಗಂಟಿಕ್ಕಿದರು. "ಸ್ಟಾಂಪಾ? ಡಾಕ್ಟರ್ ಪರೀಕ್ಷೆಗೂ ಸ್ಟಾಂಪಿಗೂ ಏನ್ ಸಂಬಂಧ?" ಅಪ್ಪ ಮತ್ತೊಮ್ಮೆ ಹೇಳಲು ನೋಡಿದ, ತಡವರಿಸಿದ. ಮಗಳ ಮಾನ ಉಳಿಸಲು ಪಾಪ ಏನೋ ಕಟ್ಟಿ ಹೇಳುತ್ತಿದ್ದಾನೆ ಎಂದುಕೊಂಡ ಅಮ್ಮ ಅವನ ತೋಳು ತಟ್ಟಿ, "ಬುಡಿ ಸಾರ್, ಮುಂದಿನ್ ಸಲ ಪಾಸಾಗ್ತಾರೆ" ಎಂದರು.

ಅಷ್ಟು ಹೊತ್ತಿಗೆ ನನ್ನ ಕಣ್ಣು ಅವರ ಕಾಲಿಗೆ ಹೋಗಿತ್ತು. ಕಾಲಿಗೆ ದೊಡ್ಡ ಅಳತೆಯ, ಗಂಡಸರ ಚಪ್ಪಲಿ. ಬಟ್ಟೆ ಸುತ್ತಿದ ಪಾದದ ಮುಂಭಾಗ ಇರಬೇಕಾದಷ್ಟು ಅಗಲವಿರಲಿಲ್ಲ.

"ಅಮ್ಮಾ, ಕಾಲಿಗೇನಾಯ್ತು?"

"ಅದಾ? ಎರಡ್ ಬೆರಳು ತೆಗ್ದ್ರು ಕಣಮ್ಮಾ, ದೊಡ್ಡಾಸ್ಪತ್ರೇಲಿ. ಮೆಡಿಕಲ್ ಸ್ಟೋರಲ್ಲಿ ಕೇಳ್ತಿದ್ದೆ, ಮುಲಾಮು ಕೊಡೋರು, ಹಚ್ಕೋತಿದ್ದೆ. ನೋವೇ ಇರ್ಲಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ. ನೀವಿದ್ದಿದ್ರೆ ಬೈದ್ಬುಟ್ಟು ಬೇಗ ಕಳಿಸ್ತಿದ್ರಿ." ಅದನ್ನು ಅವರು ದೂರಿನಂತೆ ಹೇಳಲಿಲ್ಲ. ನನ್ನನ್ನು ಹೊಗಳುತ್ತಿದ್ದರು.

ಅಪ್ಪ ಆ ಕಾಲನ್ನು ನೋಡಿದ. ಆಮೇಲೆ ತಗಡಿನ ಬೇಲಿಯ ಕಡೆ ಮುಖ ತಿರುಗಿಸಿ ನಿಂತ. ಅವನ ಮೇಲೆ ನನ್ನಲ್ಲಿ ಸಿಟ್ಟು ಉಳಿದಿತ್ತೋ ಇಲ್ಲವೋ, ಆ ಕ್ಷಣ ತಿಳಿಯಲಿಲ್ಲ.

ಬಸ್ಸು ಬಂತು. ಅಮ್ಮನೂ ಅದಕ್ಕೇ ಹತ್ತಬೇಕಿತ್ತು. ನಾನು ಒಂದು ಕಡೆ, ಅಪ್ಪ ಒಂದು ಕಡೆ ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದೆವು. ಆ ಕಾಲು ಮೆಟ್ಟಿಲಿನ ಮೇಲೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಕಂಡಕ್ಟರ್ ಬಾಗಿಲು ಬಡಿದು, "ಬೇಗ ಬನ್ರೀ, ಎಷ್ಟೊತ್ತು" ಎಂದ. ನಾನು ಅವನ ಮೇಲೆ ಕಿರುಚಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, ಡ್ರೈವರ್ ಎಂಜಿನ್ ನಿಲ್ಲಿಸುವಂತೆ, ಗಂಟಲು ಹರಿಯುವಂತೆ ಕಿರುಚಿದೆ. ಆ ಬಡಪಾಯಿ ಬಾಯಿ ಬಿಟ್ಟುಕೊಂಡು ನಿಂತ. ದೆಹಲಿಯವರ ಮೇಲೆ ಫೋನಿನಲ್ಲಿ ನಾನು ಒಂದು ಸಲವೂ ಹಾಗೆ ಕಿರುಚಿರಲಿಲ್ಲ. ಅಲ್ಲಿ ಪ್ರತಿ ಸಲವೂ ಸರ್ ಎಂದೇ ಮಾತಾಡಿದ್ದೆ.